ಮುಕ್ಕಾಲು ಮಗ್ಗಿ ಕಲಿಸಿದವರು ಯಾರು

ಮೊದಲೇ ಹೇಳಿಬಿಡುತ್ತೇನೆ. ದೆವ್ವ, ಭೂತ, ಗಾಳಿ, ಸೋಂಕು ಇವುಗಳಲ್ಲಿ ನನಗೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಚಿಕ್ಕಂದಿನಲ್ಲಿ ನನ್ನ ಹುಟ್ಟೂರು ಸರಸಂಬಾದ ಓಣಿಯಲ್ಲಿ ಯಾರಿಗಾದರೂ ಗಾಳಿ ಬಡಿದಿದೆ ಎಂದು ಜನ ಬೇವಿನ ತಪ್ಪಲು ಹಿಡಿದು ಓಡಿದರೆ, ಹಿಂದೆ ಹೋಗಿ ನಗುತ್ತ ನಿಂತು ಬೈಸಿಕೊಂಡು ಬಂದವನು ನಾನು. ಮಾಸ್ತರನಾದ ಮೇಲಂತೂ ಈ ಸೊಕ್ಕು ಇನ್ನಷ್ಟು ಬೆಳೆಯಿತು. ಈಗ ನಾನು ಹೇಳಹೊರಟದ್ದನ್ನು ಬೇರೆ ಯಾರಾದರೂ ನನಗೆ ಹೇಳಿದ್ದರೆ, ಚಹಾ ಕುಡಿಸಿ, ನಿಮ್ಮ ನೆನಪು ಕೈಕೊಟ್ಟಿದೆ ಎಂದು ಮುಖದ ಮೇಲೇ ಅಂದು ಕಳಿಸುತ್ತಿದ್ದೆ. ನೀವೂ ನನ್ನ ಬಗ್ಗೆ ಹಾಗೆಯೇ ಅಂದುಕೊಂಡರೆ ನನಗೆ ಬೇಸರವಿಲ್ಲ.

ಆಗ ನಮ್ಮ ಕಡೆ ನಿಜಾಮರ ರಾಜ್ಯ. ಶಾಲೆ ಅಂದರೆ ಉರ್ದು ಶಾಲೆ, ರಜೆ ಅಂದರೆ ಶುಕ್ರವಾರ, ಮಾಸ್ತರ ಅಂದರೆ ಕೊರಳ ತನಕ ಗುಂಡಿ ಹಾಕಿದ ಕರಿ ಶೇರವಾನಿ. ಅಫಜಲಪುರದ ಕಡೆ ಭೀಮಾ ನದಿಯಿಂದ ಒಂದು ಹರದಾರಿ ದೂರದಲ್ಲಿದ್ದ ಒಂದು ಪೇಟೆ ಊರಿನಲ್ಲಿ ನನ್ನ ಮೊದಲ ನೌಕರಿ. ಊರಿನ ಹೆಸರು ಬೇಡ. ಅಲ್ಲಿಯ ಸರಕಾರಿ ಶಾಲೆಗೆ ಸೇರಿಸಿ ಒಂದು ಕನ್ನಡ ವರ್ಗ ನಡೆಸಲು ಹೊಸದಾಗಿ ಪರವಾನಗಿ ಸಿಕ್ಕಿತ್ತು. ಆ ವರ್ಗಕ್ಕೆ ನಾನೊಬ್ಬನೇ ಮಾಸ್ತರ. ಶಾಲೆಯಲ್ಲಿ ಜಾಗ ಸಾಲದ್ದರಿಂದ ನಮ್ಮ ವರ್ಗವನ್ನು ಪೇಟೆಯ ಆಚೆ ಹಳೆಯ ಮಠದ ಒಂದು ಪಡಸಾಲೆಗೆ ಹಾಕಿದ್ದರು. ಅದೇ ಪಡಸಾಲೆಯಲ್ಲಿ ಹಿಂದೆ ಗುರುಪಾದಯ್ಯ ಎಂಬ ವೃದ್ಧರು ಖಾಸಗಿ ಶಾಲೆ ನಡೆಸುತ್ತಿದ್ದರಂತೆ. ಊರಿನ ಅಂಗಡಿಕಾರರೆಲ್ಲ ಅವರ ಕೈಯಲ್ಲಿ ಪೆಟ್ಟು ತಿಂದು ಕಲಿತವರು. ಅವರು ಹಾಸಿಗೆ ಹಿಡಿದಾಗ ಶಾಲೆ ನಿಂತಿತು, ಕೆಲವು ವರ್ಷ ನರಳಿ ತೀರಿಕೊಂಡರು. ನಾನು ಬರುವ ಹೊತ್ತಿಗೆ ಅದೆಲ್ಲ ಹಳೆಯ ಮಾತಾಗಿತ್ತು. ನನ್ನ ವರ್ಗದ ಮಕ್ಕಳು ಆಗಿನ್ನೂ ತೊಟ್ಟಿಲಲ್ಲಿದ್ದವರು.

ನಮ್ಮ ಹೆಡ್‌ಮಾಸ್ತರ ಖಾದರ ಸಾಹೇಬರು ಬಲು ದೊಡ್ಡ ಮನಸ್ಸಿನವರು. ಮನೆಮಾತು ಉರ್ದು, ಓದಿದ್ದು ಫಾರಸಿ, ಆದರೆ ಮಕ್ಕಳು ತಮ್ಮ ತಾಯಿಯ ಮಾತಿನಲ್ಲಿ ಕಲಿಯಬೇಕೆಂದು ಹೈದರಾಬಾದಿನ ತನಕ ಅರ್ಜಿ ಬರೆದು ಈ ವರ್ಗ ತರಿಸಿದವರು ಅವರೇ. ಉಳಿದ ಮಾಸ್ತರರು ನನ್ನನ್ನು ಮಠದ ಮಾಸ್ತರ ಎಂದು ಚೇಷ್ಟೆ ಮಾಡುತ್ತಿದ್ದರು. ನಾನೂ ಬಿಡುತ್ತಿರಲಿಲ್ಲ, ನಿಮ್ಮ ಮಕ್ಕಳು ಗಿಳಿಯ ಹಾಗೆ ಓದುತ್ತಾರೆ, ನನ್ನವು ತಿಳಿದು ಓದುತ್ತವೆ ಎಂದು ಅವರೆದುರಿಗೇ ಕೊಚ್ಚಿಕೊಳ್ಳುತ್ತಿದ್ದೆ. ಕೊಚ್ಚಿಕೊಳ್ಳುವುದು ನನ್ನ ಹುಟ್ಟುಗುಣ. ಮಧ್ಯಾಹ್ನ ಎಲ್ಲರೂ ಸೇರಿ ಖಾದರ ಸಾಹೇಬರ ಕಟ್ಟೆಯ ಮೇಲೆ ಒಂದೇ ಕಿಟ್ಟಲಿಯ ಚಹಾ ಕುಡಿಯುತ್ತಿದ್ದೆವು. ಸಂಬಳ ತಡವಾದಾಗ ಎಲ್ಲರ ಮುಖವೂ ಒಂದೇ ತರಹ ಜೋತುಬೀಳುತ್ತಿತ್ತು.

ನನ್ನ ಮಕ್ಕಳಲ್ಲಿ ಲಿಂಗಾಯತರ ಮನೆಯವು, ಕುರುಬರವು, ಕೆಳಗೇರಿಯ ಕೂಲಿಕಾರರವು ಎಲ್ಲ ಇದ್ದವು. ಕೆಳಗೇರಿಯವು ಹೊರಗೆ ಕಟ್ಟೆಯ ಮೇಲೆ ಕೂಡಲಿ ಎಂದು ಕೆಲವರು ಹೇಳಿ ಕಳಿಸಿದರು. ನಾನು ಮೊಂಡ. ಹೊರಗೆ ಕೂಡುವುದಾದರೆ ನಾನೂ ಹೊರಗೇ ಕೂಡುತ್ತೇನೆ ಎಂದು ಉತ್ತರ ಕಳಿಸಿ ಎಲ್ಲರನ್ನೂ ಒಂದೇ ಜಮಖಾನೆಯ ಮೇಲೆ ಕೂಡಿಸಿದೆ. ಆ ಕೇರಿಯಿಂದ ಬರುತ್ತಿದ್ದ ನೀಲಮ್ಮ ಎಂಬ ಹುಡುಗಿ ವರ್ಗದಲ್ಲೆಲ್ಲ ಚುರುಕು. ಅವಳ ಅಪ್ಪ ಹೊಲದ ಕೂಲಿ ಮಾಡುವವನು. ಕನ್ನಡ ವರ್ಗ ಇರೂತನಕ ಕಳಸ್ತೇನ್ರಿ, ಅದು ಮುಚ್ಚಿದ ದಿನ ಲಗ್ನ ಮಾಡ್ತೇನಿ ಎಂದು ನನಗೆ ಖಡಾಖಂಡಿತ ಹೇಳಿದ್ದ. ಆ ಹುಡುಗಿಗೆ ಆಗಿನ್ನೂ ಹಾಲುಹಲ್ಲು ಪೂರ್ತಿ ಬಿದ್ದಿರಲಿಲ್ಲ.

ವರ್ಗ ಮುಚ್ಚುವ ಮಾತು ಸುಮ್ಮನೆ ಬಂದದ್ದಲ್ಲ. ಪರವಾನಗಿ ಕೊಟ್ಟದ್ದು ಒಂದು ವರ್ಷದ ಮಟ್ಟಿಗೆ ಮಾತ್ರ. ವರ್ಷದ ಕೊನೆಗೆ ತಪಾಸಣೆಯ ಸಾಹೇಬರು ಬಂದು ಮಕ್ಕಳನ್ನು ಪರೀಕ್ಷಿಸಿ, ಬೇಕು ಎಂದರೆ ವರ್ಗ ಉಳಿಯುತ್ತದೆ, ಬೇಡ ಎಂದರೆ ಆ ದಿನವೇ ಬೀಗ. ಮಕ್ಕಳು ಉರ್ದು ವರ್ಗಕ್ಕೆ ಹೋಗಿ ಕಣ್ಣು ಪಿಳಿಪಿಳಿ ಮಾಡುತ್ತ ಕೂಡಬೇಕು, ಇಲ್ಲವೆ ದನ ಕಾಯಬೇಕು. ಹೆಚ್ಚಿನವು ಎರಡನೆಯದನ್ನೇ ಆರಿಸಿಕೊಳ್ಳುತ್ತಿದ್ದವು ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಆದ್ದರಿಂದ ವರ್ಷವಿಡೀ ನಾನು ಮೈಮುರಿದು ದುಡಿದೆ. ಓದು, ಬರಹ, ಕೂಡಿಸು, ಕಳೆ, ಗುಣಿಸು, ಎಲ್ಲವನ್ನೂ ಸರಕಾರಿ ಪಠ್ಯದ ಪ್ರಕಾರ ಅರೆದು ಕುಡಿಸಿದ್ದೆ.

ಶ್ರಾವಣದಲ್ಲಿ ಸಾಹೇಬರು ಬರುವ ದಿನ ಗೊತ್ತಾಯಿತು. ಜೇವರ್ಗಿ ಕಡೆಯ ಶಾಲೆಗಳನ್ನು ನೋಡಿಕೊಂಡು ಹೊಳೆ ದಾಟಿ ಮಧ್ಯಾಹ್ನ ನಮ್ಮಲ್ಲಿಗೆ ಬರುವವರಿದ್ದರು. ಪಡಸಾಲೆಗೆ ಸುಣ್ಣ ಬಳಿದು, ಕೆಮ್ಮಣ್ಣು ಸಾರಿಸಿ, ಬಣ್ಣದ ಕಾಗದದ ತೋರಣ ಕಟ್ಟಿದೆವು. ಮಕ್ಕಳು ತಲೆಗೆ ಎಣ್ಣೆ ಹಚ್ಚಿಕೊಂಡು ಬೆಳಗ್ಗೆಯೇ ಬಂದು ಕೂತಿದ್ದವು. ಮಧ್ಯಾಹ್ನ ಕಳೆಯಿತು, ಸಾಹೇಬರಿಲ್ಲ. ಹೊಳೆಗೆ ನೀರು ಏರಿದೆ, ಹರಿಗೋಲು ಆಚೆ ದಡದಲ್ಲೇ ನಿಂತಿದೆ ಎಂದು ಸುದ್ದಿ ಬಂತು. ಊರಿನ ಹಿರಿಯರೆಲ್ಲ ಎದುರುಗೊಳ್ಳಲು ಹೊಳೆಗೆ ಹೊರಟರು. ಖಾದರ ಸಾಹೇಬರು ನನ್ನನ್ನೂ ಕರೆದರು. ನಮ್ಮ ಶಾಲೆಯ ಚಪರಾಸಿ ಲಾಲಸಾಬನನ್ನು ಬಾಗಿಲಲ್ಲಿ ಕೂಡಿಸಿ, ಮಕ್ಕಳಿಗೆ ಪಾಠ ಓದಿಕೊಳ್ಳಲು ಹೇಳಿ ನಾನೂ ಹೊರಟೆ.

ಹೊಳೆಯ ದಂಡೆಯಲ್ಲಿ ನಾವು ಬಹಳ ಹೊತ್ತು ನಿಂತೆವು. ಖಾದರ ಸಾಹೇಬರು, ನಾನು, ಪೇಟೆಯ ಹತ್ತಿ ವ್ಯಾಪಾರಿ ಬಸಲಿಂಗಪ್ಪನವರು, ಅವರ ಜೊತೆಯ ಅಂಗಡಿಕಾರರು. ಹೊತ್ತು ಇಳಿಯುವಾಗ ಹರಿಗೋಲು ತಿರುಗುತ್ತ ತಿರುಗುತ್ತ ಈಚೆಗೆ ಬಂತು. ನಾನು ಮೊಣಕಾಲ ತನಕ ನೀರಿಗೆ ಇಳಿದು ಸಾಹೇಬರ ಕೈಹಿಡಿದು ಇಳಿಸಿದೆ. ಅವರು ಔರಂಗಾಬಾದಿನ ಕಡೆಯ ಮರಾಠಿ ಮನುಷ್ಯ, ವಯಸ್ಸಾದವರು, ನೀರಿನ ಹೆದರಿಕೆಯಿಂದ ಮುಖ ಬಿಳಿಚಿತ್ತು. ಊರ ಕಡೆ ನಡೆಯುತ್ತ ಅವರು ಸುಧಾರಿಸಿಕೊಂಡು ನನ್ನೊಡನೆ ಉರ್ದುವಿನಲ್ಲಿ ಮಾತಿಗೆ ತೊಡಗಿದರು. ಆ ಮಾತು ಕೇಳುತ್ತ ಹೋದಂತೆ ಬಿಳಿಚುವ ಸರದಿ ನನ್ನದಾಯಿತು.

ಅವರು ಹೇಳಿದ್ದಿಷ್ಟು. ಓದು ಬರಹ ಯಾವ ಭಾಷೆಯಲ್ಲಾದರೂ ಕಲಿಯಬಹುದು, ಅದಕ್ಕಾಗಿ ಬೇರೆ ವರ್ಗ ಬೇಕಿಲ್ಲ ಎಂಬುದು ಮೇಲಿನವರ ಅಭಿಪ್ರಾಯ. ಆದರೆ ಖಾದರ ಸಾಹೇಬರ ಅರ್ಜಿಯ ಜೊತೆಗೆ ಈ ಊರಿನ ವ್ಯಾಪಾರಿಗಳೂ ಅರ್ಜಿ ಹಾಕಿ ಒಂದು ಗಟ್ಟಿ ಕಾರಣ ಕೊಟ್ಟಿದ್ದರು. ಹತ್ತಿ, ಜೋಳ, ಕುಸುಬಿ ತೂಗುವ ಅಂಗಡಿಯ ಲೆಕ್ಕಕ್ಕೆ ಕಾಲು, ಅರೆ, ಮುಕ್ಕಾಲು ಮಗ್ಗಿಗಳು ಬೇಕು, ಅವನ್ನು ಬಾಯಿಪಾಠ ಮಾಡಿಸುವುದು ಕನ್ನಡ ಮಾಸ್ತರರಿಗೆ ಮಾತ್ರ ಸಾಧ್ಯ ಎಂದು. ಪರವಾನಗಿ ಸಿಕ್ಕದ್ದೇ ಆ ಕಾರಣಕ್ಕೆ. ತಾವೂ ಚಿಕ್ಕಂದಿನಲ್ಲಿ ಮರಾಠಿಯಲ್ಲಿ ಅದೇ ಮಗ್ಗಿ ಹೇಳಿ ಬೆಳೆದವರು, ಆದ್ದರಿಂದ ಬೇರೇನೂ ಹೆಚ್ಚು ಕೇಳುವುದಿಲ್ಲ, ಮುಕ್ಕಾಲು ಮಗ್ಗಿ ಕೇಳುತ್ತೇನೆ, ಮಕ್ಕಳು ಹೇಳಿದರೆ ವರ್ಗ ಉಳಿಯಿತು ಎಂದು ನಗುತ್ತ ಹೇಳಿದರು.

ಓದುಗರೆ, ಮುಕ್ಕಾಲು ಮಗ್ಗಿ ನನ್ನ ಮಕ್ಕಳಿಗೆ ಬರುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಮಾತೆಂದರೆ ನನಗೇ ಬರುತ್ತಿರಲಿಲ್ಲ. ಕನ್ನಡ ನನಗೆ ಮನೆಯಲ್ಲಿ ಅವ್ವನಿಂದ ಬಂದದ್ದು, ಲೆಕ್ಕ ಶಾಲೆಯಲ್ಲಿ ಉರ್ದುವಿನಲ್ಲಿ ಬಂದದ್ದು. ಉರ್ದು ಪಠ್ಯದಲ್ಲಿ ಇಂಥ ಮಗ್ಗಿ ಇರಲಿಲ್ಲ. ಕನ್ನಡ ಮಾಸ್ತರ ಅಂದ ಮೇಲೆ ಬಂದೇ ಬರುತ್ತದೆ ಎಂದು ಊರವರು ನನ್ನನ್ನು ಕೇಳಲೇ ಇಲ್ಲ. ಪಠ್ಯದಲ್ಲಿ ಇಲ್ಲದ್ದು ಬೇಕಾಗುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ. ಆ ಕಾಲದ ನಮ್ಮ ರಾಜ್ಯದಲ್ಲಿ ಮಾತ್ರ ಆಗಬಹುದಾದ ಎಡವಟ್ಟು ಇದು.

ನಾನು ಹಿಂದೆ ಉಳಿದು ಖಾದರ ಸಾಹೇಬರ ಕಿವಿಯಲ್ಲಿ ಸಂಗತಿ ಹೇಳಿದೆ. ಅವರು ನಡೆಯುವುದನ್ನೇ ನಿಲ್ಲಿಸಿದರು.

"ಅಲ್ರಿ ಮಾಸ್ತರ, ಕನ್ನಡ ಮಾಸ್ತರ ಅಂತ ನಿಮ್ಮನ್ನ ತರಿಸಿಕೊಂಡೀವಿ. ಮಗ್ಗಿ ಬರಂಗಿಲ್ಲ ಅಂತ ಈಗ ಹೇಳಾಕತ್ತೀರಲ್ಲ."

ನೀವು ಕೇಳಿರಲಿಲ್ರಿ ಎಂದೆ. ಅವರು ರೂಮಿ ಟೊಪ್ಪಿಗೆ ತೆಗೆದು ತಲೆ ಒರೆಸಿಕೊಂಡರು. ಮುಂದೆ ಬಸಲಿಂಗಪ್ಪನವರು ಸಾಹೇಬರಿಗೆ ತಮ್ಮ ಗುರು ಗುರುಪಾದಯ್ಯನವರ ಕಾಲದ ಲೆಕ್ಕದ ಪ್ರತಾಪವನ್ನು ವರ್ಣಿಸುತ್ತ, ಈಗಿನ ಮಾಸ್ತರರೂ ಅದನ್ನೇ ನಡೆಸಿಕೊಂಡು ಬಂದಿದ್ದಾರೆ ಎಂದು ನನ್ನ ಗುಂಡಿಯನ್ನು ಇನ್ನಷ್ಟು ಆಳಕ್ಕೆ ತೋಡುತ್ತಿದ್ದರು. ಉಳಿದ ದಾರಿ ನಾನು ಹೇಗೆ ನಡೆದೆನೋ ತಿಳಿಯದು. ನೀಲಮ್ಮನ ಮುಖವೇ ಕಣ್ಣೆದುರಿಗೆ ಬರುತ್ತಿತ್ತು. ನಾಳೆಯಿಂದ ಆ ಹುಡುಗಿಗೆ ಶಾಲೆ ಇಲ್ಲ ಎಂದು ಅವಳ ಅಪ್ಪನಿಗೆ ಯಾವ ಬಾಯಿಂದ ಹೇಳಲಿ ಎಂಬುದೇ ಚಿಂತೆ.

ಮಠ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಲಾಲಸಾಬ ಕಂದೀಲು ಹಚ್ಚಿ ಗೂಟಕ್ಕೆ ತೂಗುಹಾಕುತ್ತಿದ್ದ. ಮಕ್ಕಳು ಎದ್ದು ನಿಂತು ನಮಸ್ಕಾರ ಮಾಡಿದವು. ಸಾಹೇಬರು ಕುರ್ಚಿಯಲ್ಲಿ ಕೂತರು, ಊರವರು ಬಾಗಿಲಲ್ಲೂ ಕಿಟಕಿಯಲ್ಲೂ ಕಿಕ್ಕಿರಿದರು. ಸಾಹೇಬರು ಒಬ್ಬಿಬ್ಬರಿಂದ ಪಾಠ ಓದಿಸಿದರು, ಪಾಟಿಯ ಮೇಲೆ ಬರೆಸಿದರು, ತಲೆದೂಗಿದರು. ಆಮೇಲೆ ಮರಾಠಿ ಕಲಸಿದ ಕನ್ನಡದಲ್ಲಿ, ಮುಕ್ಕಾಲ ಮಗ್ಗಿ ಹೇಳ್ರಿ ನೋಡೂನು ಎಂದರು. ನಾನು ನೆಲ ನೋಡುತ್ತ ನಿಂತೆ. ಇನ್ನು ಬಾಯಿಬಿಟ್ಟು ನಿಜ ಹೇಳಿಬಿಡಬೇಕು ಎಂದು ನಾನು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ, ಅಷ್ಟರಲ್ಲಿ ನೀಲಮ್ಮ ಎದ್ದು ಕೈಕಟ್ಟಿ ನಿಂತಳು.

"ಒಂದ ಮುಕ್ಕಾಲ ಮುಕ್ಕಾಲ. ಎರಡ ಮುಕ್ಕಾಲ ಒಂದೂವರಿ. ಮೂರ ಮುಕ್ಕಾಲ ಎರಡೂ ಕಾಲ."

ನಾಲ್ಕನೆಯದಕ್ಕೆ ಇಡೀ ವರ್ಗ ಅವಳೊಡನೆ ಸೇರಿತು. ನನಗೆ ಕಿವಿ ನಂಬಲಾಗಲಿಲ್ಲ. ಒಂದೇ ರಾಗ, ಒಂದೇ ತಾಳ, ಒಂದು ಮಗುವೂ ಹಿಂದೆ ಬಿದ್ದಿಲ್ಲ. ಆರು ಮುಕ್ಕಾಲು ನಾಲ್ಕೂವರೆ ಆಯಿತು. ಏಳು ಮುಕ್ಕಾಲು ಎಂದವು, ಥಟ್ಟನೆ ನಿಂತವು. ಮುಗಿಯಿತು, ಇಷ್ಟೇ ಎಲ್ಲಿಂದಲೋ ಕೇಳಿ ಕಲಿತಿದ್ದವು ಎಂದುಕೊಂಡೆ. ಮಕ್ಕಳೆಲ್ಲ ಕೂಡಿಯೇ ಒಮ್ಮೆ ಉಸಿರೆಳೆದು, ಮೆಲ್ಲಗೆ 'ಹಂ' ಎಂದು, ಐದೂ ಕಾಲ ಎಂದು ಮುಂದೆ ಸಾಗಿದವು. ಹದಿನಾಲ್ಕಕ್ಕೆ ಬಂದಾಗ ಮತ್ತೆ ಹಾಗೆಯೇ ನಿಂತು, ಉಸಿರೆಳೆದು, ಹಂ ಎಂದು ಹೊರಟವು. ಇಪ್ಪತ್ತು ಮುಕ್ಕಾಲು ಹದಿನೈದಕ್ಕೆ ಮುಗಿಸಿ ಕೂತವು.

ಸಾಹೇಬರು ಅಷ್ಟಕ್ಕೆ ಬಿಡಲಿಲ್ಲ. ಹದಿಮೂರು ಮುಕ್ಕಾಲು ಎಷ್ಟು ಎಂದು ಹಿಂದಿನ ಸಾಲಿನ ಹುಡುಗನನ್ನು ಅಡ್ಡ ಹಿಡಿದು ಕೇಳಿದರು. ಒಂಬತ್ತೂ ಮುಕ್ಕಾಲು ಎಂದು ಅವನು ಕಣ್ಣು ಮಿಟುಕಿಸದೆ ಹೇಳಿದ. ಇನ್ನೊಬ್ಬನನ್ನು, ಮತ್ತೊಬ್ಬಳನ್ನು ಕೇಳಿದರು. ಒಂದೂ ತಪ್ಪಲಿಲ್ಲ. ಆಗ ಅವರು ಎದ್ದು ನಿಂತು, ತಮ್ಮ ಸುತ್ತಿನಲ್ಲಿ ಎಲ್ಲೂ ಇಂಥ ವರ್ಗ ಕಾಣಲಿಲ್ಲ, ಇದು ಉಳಿಯುವುದಷ್ಟೇ ಅಲ್ಲ, ಮುಂದಿನ ವರ್ಷ ಇನ್ನೊಂದು ವರ್ಗ ಏರುತ್ತದೆ, ಇನ್ನೊಬ್ಬ ಮಾಸ್ತರರನ್ನು ಕಳಿಸಿಕೊಡುತ್ತೇನೆ ಎಂದು ಎಲ್ಲರೆದುರು ಹೇಳಿದರು. ಅಂಗಳದಲ್ಲಿ ಎದ್ದ ಗದ್ದಲ ಇವತ್ತಿಗೂ ನನ್ನ ಕಿವಿಯಲ್ಲಿದೆ. ಯಾರೋ ಹಲಗೆ ತಂದು ಬಾರಿಸತೊಡಗಿದರು. ಬುಟ್ಟಿಗಟ್ಟಲೆ ಸಕ್ಕರೆ ಬಂತು. ಖಾದರ ಸಾಹೇಬರು ನನ್ನನ್ನು ತಬ್ಬಿಕೊಂಡ ರಭಸಕ್ಕೆ ನನ್ನ ಶೇರವಾನಿಯ ಮೇಲಿನ ಗುಂಡಿ ಹಾರಿಹೋಯಿತು. ನೀಲಮ್ಮನ ಅಪ್ಪ ಮಗಳನ್ನು ಹೆಗಲ ಮೇಲೆ ಕೂಡಿಸಿಕೊಂಡು ಪೇಟೆಯ ನಡುವೆಯೇ ಹೊರಟ. ಆ ಹಾದಿಯಲ್ಲಿ ಅವನು ಅಷ್ಟು ತಲೆಯೆತ್ತಿ ನಡೆದದ್ದನ್ನು ನಾನು ಅದೇ ಮೊದಲು ನೋಡಿದ್ದು. ನನಗೆ ಕಣ್ಣು ತುಂಬಿ ಬಂದವು, ಇದನ್ನು ಹೇಳಲು ನಾಚಿಕೆಯಿಲ್ಲ.

ಗದ್ದಲದ ನಡುವೆ ಬಸಲಿಂಗಪ್ಪನವರು ಮಾತ್ರ ಕಿಟಕಿ ಹಿಡಿದು ನಿಂತಲ್ಲೇ ನಿಂತಿದ್ದರು. ಒಳ್ಳೇ ದಪ್ಪ ಆಳು, ದುಡ್ಡಿನ ವಿಷಯದಲ್ಲಿ ಕಲ್ಲು. ಅವರು ರುಮಾಲಿನ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

"ಯಾರ ಕಡಿಂದ ಕಲತ್ರಿ ಮಾಸ್ತರ? ನಮ್ಮ ಗುರುಗಳಿಗೆ ದಮ್ಮು ಇತ್ರಿ. ಆರರ ತನಕ ಒಂದ ಉಸಿರಿಗೆ ಹೇಳಿ, ಏಳಕ್ಕ ಉಸಿರ ಸಾಲದ ನಿಲ್ತಿದ್ರು. ಹಂ ಅಂತ ದಮ್ಮ ತಗೊಂಡು ಮುಂದ ಹೊಂಡ್ತಿದ್ರು. ಅದನ್ನ ಸೈತ ಬಿಟ್ಟಿಲ್ಲ ನೀವು."

ಸಾಹೇಬರಿಗೆ ಸಕ್ಕರೆ ಕೊಡುವ ನೆವದಲ್ಲಿ ನಾನು ಅಲ್ಲಿಂದ ಜಾರಿಕೊಂಡೆ.

ಮರುದಿನ ಬೆಳಗ್ಗೆ ಮಕ್ಕಳು ಬಂದ ಕೂಡಲೇ ಕೇಳಿದೆ, ಆ ಮಗ್ಗಿ ನಿಮಗೆ ಯಾರು ಹೇಳಿಕೊಟ್ಟರು ಎಂದು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕವು. ನಾನು ಚೇಷ್ಟೆ ಮಾಡುತ್ತಿದ್ದೇನೆ ಎಂದುಕೊಂಡಿರಬೇಕು.

"ನೀವ ಹೇಳಿಕೊಟ್ಟೀರಲ್ರಿ," ಎಂದಳು ನೀಲಮ್ಮ.

ಯಾವಾಗ ಎಂದು ಕೇಳಿದೆ. ನಿನ್ನೆ ಸಂಜೆಯೇ, ಸಾಹೇಬರು ಬರುವುದಕ್ಕಿಂತ ಮೊದಲು, ಎಂದಳು. ಹೊರಗೆ ಹೋದವರು ಸ್ವಲ್ಪ ಹೊತ್ತಿಗೇ ತಿರುಗಿ ಬಂದಿರಿ, ಪಡುವಣ ಕಿಟಕಿಗೆ ಬೆನ್ನು ಮಾಡಿ ಕೂತಿರಿ, ಶೇರವಾನಿ ಕಳೆದು ಬಿಳಿ ಅಂಗಿಯಲ್ಲಿದ್ದಿರಿ. ಬೆಳಕು ಹಿಂದಿನಿಂದ ಬರುತ್ತಿದ್ದುದರಿಂದ ಮುಖ ಸರಿಯಾಗಿ ಕಾಣಲಿಲ್ಲ. ದನಿ ಬಿದ್ದಿತ್ತು. ಒಂದು ಸಾಲು ನೀವು ಹೇಳಿದಿರಿ, ಒಂದು ಸಾಲು ನಾವು ಹೇಳಿದೆವು. ಮತ್ತೆ ಮತ್ತೆ ಹೇಳಿಸಿದಿರಿ, ಬೈಯಲಿಲ್ಲ.

"ಭಾಳ ಕೆಮ್ಮಾಕತ್ತಿದ್ರಿ. ನೀರ ತರ್ಲೇನ್ರಿ ಅಂದೆ. ಎಲ್ಲಾರಿಗೂ ಬರ್ಲಿ ತಾಯಿ, ಆಮ್ಯಾಲ ಕುಡೀತೇನಿ ಅಂದ್ರಿ."

ನಾನು ಯಾರನ್ನೂ ತಾಯಿ ಎಂದು ಕರೆಯುವವನಲ್ಲ. ನನ್ನ ವರ್ಗದಲ್ಲಿ ಎಲ್ಲರೂ ಏ ಹುಡುಗಾ, ಏ ಹುಡುಗಿ. ಆದರೂ ನಾನು ಸುಲಭಕ್ಕೆ ಬಿಡಲಿಲ್ಲ. ಪೊಲೀಸ್ ಜಮಾದಾರನ ಹಾಗೆ ಒಬ್ಬೊಬ್ಬರನ್ನೇ ಹೊರಗೆ ಕರೆದು ಕೇಳಿದೆ. ಎಲ್ಲರದೂ ಅದೇ ಮಾತು. ಲಾಲಸಾಬನನ್ನು ಹಿಡಿದೆ. ಕಂದೀಲಿಗೆ ಎಣ್ಣೆ ತರಲು ಪೇಟೆಗೆ ಹೋಗಿದ್ದೆ, ತಿರುಗಿ ಬಂದಾಗ ಒಳಗೆ ಮಗ್ಗಿ ನಡೆದಿತ್ತು, ಮಾಸ್ತರು ಇದ್ದಾರೆ ಎಂದು ಇಣುಕಿಯೂ ನೋಡಲಿಲ್ಲ ಎಂದ. ನಾವು ಹೊಳೆಯಿಂದ ಬಂದಾಗ ನಾನು ಸಾಹೇಬರ ಹಿಂದೆ ಬರುವುದನ್ನು ಕಂಡು, ಇವರು ಯಾವ ಮಾಯದಲ್ಲಿ ಹೊರಗೆ ಹೋಗಿದ್ದರು ಎಂದು ಅವನಿಗೂ ಅನ್ನಿಸಿತಂತೆ.

ನೀವು ಈಗ ಏನು ಹೇಳುತ್ತೀರೋ ಅದನ್ನೆಲ್ಲ ನಾನು ಆಗಲೇ ಯೋಚಿಸಿದ್ದೇನೆ. ಗುರುಪಾದಯ್ಯನವರ ಹಳೆಯ ಶಿಷ್ಯ ಯಾರಾದರೂ ಬಂದು ಕಲಿಸಿರಬಹುದು ಎಂದು ಊರೆಲ್ಲ ವಿಚಾರಿಸಿದೆ. ಅವರಲ್ಲಿ ಹೆಚ್ಚಿನವರು ಹೊಳೆಯ ದಂಡೆಯಲ್ಲಿ ನಮ್ಮ ಜೊತೆಗೇ ಇದ್ದರು. ಉಳಿದವರು ಇಲ್ಲ ಎಂದರು. ಇಂಥ ಗೆಲುವಿನಲ್ಲಿ ಪಾಲು ಕೇಳಲು ಒಬ್ಬನೂ ಮುಂದೆ ಬರಲಿಲ್ಲ ಎಂದರೆ, ಆ ಪೇಟೆಯ ಜನರ ಗುಣ ಬಲ್ಲ ನನಗೆ ನಿಜವಾಗಿಯೂ ಅಲ್ಲಿ ಯಾರೂ ಇರಲಿಲ್ಲ ಎಂದೇ ಅನ್ನಿಸುತ್ತದೆ. ಇನ್ನು ಮಕ್ಕಳು ಮನೆಯಲ್ಲಿ ಕೇಳಿ ಕಲಿತವೆನ್ನೋಣವೆಂದರೆ, ಅಂಗಡಿಕಾರರ ಮಕ್ಕಳ ಮಾತು ಸರಿ, ನೀಲಮ್ಮನ ಮನೆಯಲ್ಲಿ ಮಗ್ಗಿ ಹೇಳುವವರು ಯಾರಿದ್ದರು? ಎಲ್ಲಕ್ಕಿಂತ ನನ್ನನ್ನು ಕಾಡುವುದು ಬೇರೆಯೇ. ಸಾಹೇಬರು ಮುಕ್ಕಾಲು ಮಗ್ಗಿ ಕೇಳುತ್ತಾರೆ ಎಂದು ನನಗೇ ತಿಳಿದದ್ದು ಹೊಳೆಯಿಂದ ಬರುವ ದಾರಿಯಲ್ಲಿ. ಅಷ್ಟು ಹೊತ್ತಿಗೆ ಮಕ್ಕಳು ಅದನ್ನು ಕಲಿತು ಮುಗಿಸಿದ್ದವು.

ಖಾದರ ಸಾಹೇಬರಿಗೆ ಒಬ್ಬರಿಗೇ ಎಲ್ಲವನ್ನೂ ಹೇಳಿದೆ. ನಕ್ಕುಬಿಡುತ್ತಾರೆ ಎಂದುಕೊಂಡಿದ್ದೆ. ಅವರು ಚಹಾದ ಬಟ್ಟಲು ಕೆಳಗಿಟ್ಟರು.

"ಗೆದ್ದೀವಲ್ರಿ ಮಾಸ್ತರ. ಯಾರ ಗೆಲ್ಲಿಸಿದ್ರು ಅಂತ ಊರೆಲ್ಲಾ ಕೇಳಕೋತ ತಿರುಗಿ, ಅವರಿಗೆ ಮುಜುಗರ ಮಾಡಬ್ಯಾಡ್ರಿ."

ಮುಂದಿನ ವರ್ಷ ಎರಡನೆಯ ವರ್ಗ ಏರಿತು, ಇನ್ನೊಬ್ಬ ಮಾಸ್ತರರು ಬಂದರು. ಅದರ ಮುಂದೆ ಮೂರನೆಯದು. ನಾನು ಬಸಲಿಂಗಪ್ಪನವರ ಅಂಗಡಿಯಲ್ಲಿ ಕೂತು ಕಾಲು, ಅರೆ, ಮುಕ್ಕಾಲು ಎಲ್ಲವನ್ನೂ ಕಲಿತುಕೊಂಡೆ. ಅದಕ್ಕೆ ತಿಂಗಳುಗಳೇ ಬೇಕಾದವು ಎಂಬುದನ್ನೂ ಇಲ್ಲಿ ಹೇಳಬೇಕು. ಕೆಲವು ವರ್ಷಕ್ಕೆ ರಾಜ್ಯವೇ ಬದಲಾಯಿತು, ಕನ್ನಡ ಶಾಲೆಗೆ ಯಾರ ಪರವಾನಗಿಯೂ ಬೇಡವಾಯಿತು. ಆ ಹೊತ್ತಿಗೆ ನಮ್ಮ ಮಠದ ಪಡಸಾಲೆಯಲ್ಲಿ ಕಲಿತ ಮಕ್ಕಳು ಮೀಸೆ ಮೂಡಿ ನಿಂತಿದ್ದರು. ಹೊಸ ಶಾಲೆಗಳಿಗೆ ಕನ್ನಡ ಬಲ್ಲ ಮಾಸ್ತರರು ಬೇಕೆಂದಾಗ ನಮ್ಮ ಕಡೆಯಿಂದ ಸಾಲಾಗಿ ಹೋದರು. ನೀಲಮ್ಮನಿಗೆ ಅವಳ ಅಪ್ಪ ಲಗ್ನ ಮಾಡಿದ, ಆದರೆ ಅವಳು ಜೇವರ್ಗಿ ಕಡೆಯ ಒಂದು ಊರಿನಲ್ಲಿ ಮಾಸ್ತರಬಾಯಿ ಆದ ಮೇಲೆ.

ಅವಳ ಶಾಲೆಗೆ ಹೊಸ ಕಟ್ಟಡವಾದಾಗ ನನ್ನನ್ನು ಕರೆಸಿದ್ದಳು. ಊರವರೆಲ್ಲ ಸೇರಿದ್ದರು. ಅವಳು ಎದ್ದು ನಿಂತು, ಒಂದು ಸಂಜೆ ಈ ಮಾಸ್ತರರು ಕೆಮ್ಮುತ್ತ ಕೆಮ್ಮುತ್ತ ಮುಕ್ಕಾಲು ಮಗ್ಗಿ ಕಲಿಸಿದ್ದಕ್ಕೇ ನಾನು ಇಲ್ಲಿ ನಿಂತಿದ್ದೇನೆ, ಇಲ್ಲದಿದ್ದರೆ ಕಂಡವರ ಹೊಲದಲ್ಲಿ ಕಳೆ ಕೀಳುತ್ತಿದ್ದೆ ಎಂದು ಮಕ್ಕಳಿಗೆ ಹೇಳಿದಳು. ನಾನು ಎದ್ದು, ಅದು ನಾನಲ್ಲಮ್ಮ, ಆ ಸಂಜೆ ನಾನು ಅಲ್ಲಿರಲಿಲ್ಲ ಎಂದು ಕೂಡಿದವರ ಮುಂದೆ ಸ್ಪಷ್ಟವಾಗಿಯೇ ಹೇಳಿದೆ. ಜೀವಮಾನದಲ್ಲಿ ನಾನು ಬೇಡವೆಂದ ಹೊಗಳಿಕೆ ಅದೊಂದೇ ಇರಬೇಕು. ಎಲ್ಲರೂ ನಕ್ಕರು. ನಮ್ಮ ಮಾಸ್ತರ ಮೊದಲಿನಿಂದ ಹಿಂಗರಿ, ತಮ್ಮ ಹೆಸರ ಹೇಳಕೊಳ್ಳಂಗಿಲ್ಲ, ಎಂದಳು ನೀಲಮ್ಮ. ಅಷ್ಟು ಹೇಳಿ ನನ್ನ ಕೊರಳಿಗೆ ಹಾರ ಹಾಕಿ ಕಾಲು ಮುಟ್ಟಿದಳು.

ಅದು ಯಾರಿಗೆ ಸಲ್ಲಬೇಕಾದ ಹಾರವೋ ನನಗೆ ಇಂದಿಗೂ ಗೊತ್ತಿಲ್ಲ. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದವು. ತೆಗೆದಿಡಲು ಮನಸ್ಸು ಬಾರದೆ ಸಂಜೆಯ ತನಕ ಹಾಕಿಕೊಂಡೇ ಕೂತಿದ್ದೆ.